ಟ್ಯೂಬ್‌ಲೆಸ್ ಹಾಕಿದ್ರೂ ಪಂಚರ್ ಆಗತ್ತೆ, ಗೊತ್ತಾಗಲ್ಲ ಅಷ್ಟೇ

ಟೈರ್ ಮೇಲೆ ಬೆಳ್ಳಗೆ ಒಂದು ಒದ್ದೆ ಚುಕ್ಕೆ ಕಾಣ್ತಿದ್ಯಲ್ಲ, ಅದು ಪಂಚರ್ ಆದ ಜಾಗ, ಆ ಪಂಚರ್ ತಾನಾಗೇ ಮುಚ್ಕೊಂಡ ಜಾಗಾನೂ ಅದೇ. ಓಡಿಸ್ತಿದ್ದಾಗ ನನಗೆ ಗೊತ್ತೇ ಆಗ್ಲಿಲ್ಲ, ಸೈಕಲ್ ಒರೆಸೋವಾಗ ಕಣ್ಣಿಗೆ ಬಿತ್ತು. ಟ್ಯೂಬ್‌ಲೆಸ್ ಅಂದ್ರೆ ಪಂಚರೇ ಆಗಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಹಂಗೇನಿಲ್ಲ, ಒಳಗೆ ಟ್ಯೂಬ್ ಇದ್ಯೋ ಇಲ್ವೋ ಅಂತ ಮುಳ್ಳು ವಿಚಾರಿಸ್ಕೊಂಡು ಬರಲ್ಲ, ಚುಚ್ಚೇ ಚುಚ್ಚತ್ತೆ. ಚುಚ್ಚಿದ ಮೇಲೆ ಏನಾಗತ್ತೆ ಅನ್ನೋದ್ರಲ್ಲೇ ಎಲ್ಲ ಇರೋದು.

ಒಂದು ಥರದ ಪಂಚರ್ ಮಾತ್ರ ಪೂರ್ತಿ ಹೋಗ್ಬಿಡತ್ತೆ, ಸ್ನೇಕ್ ಬೈಟ್ ಅಂತಾರಲ್ಲ ಅದು. ಗುಂಡಿಗೋ ಕಲ್ಲಿನ ಅಂಚಿಗೋ ಚಕ್ರ ಜೋರಾಗಿ ಬಡಿದಾಗ ಟ್ಯೂಬು ರಿಮ್ಮಿಗೂ ಟೈರಿಗೂ ಮಧ್ಯೆ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ತೂತು ಬೀಳತ್ತೆ. ಟ್ಯೂಬೇ ಇಲ್ಲ ಅಂದ್ಮೇಲೆ ಸಿಕ್ಕಿಹಾಕ್ಕೊಳ್ಳೋಕೆ ಏನಿದೆ ಹೇಳಿ. ಅದಕ್ಕೇ ಗಾಳಿ ಕಮ್ಮಿ ಹಾಕ್ಬೋದು, ಟ್ಯೂಬ್ ಇದ್ದಾಗ 80 ಪಿಎಸ್ಐ ಹೊಡೀತಿದ್ದ 28 ಎಂಎಂ ಅಗಲದ ಟೈರಿಗೆ ಈಗ 60, 65 ಸಾಕು, ಎಂಟಿಬಿ, ಅಂದ್ರೆ ಗುಡ್ಡಗಾಡಲ್ಲಿ ಓಡಿಸೋ ಮೌಂಟನ್ ಬೈಕ್ ಆದ್ರೆ ಇಪ್ಪತ್ತರ ಆಸುಪಾಸಲ್ಲೇ ಓಡಿಸ್ತಾರೆ. ನನ್ನ ಕೇಳಿದ್ರೆ ಪಂಚರ್ ವಿಷಯಕ್ಕಿಂತ ಇದೇ ದೊಡ್ಡ ಲಾಭ, ಕೈ ಸೊಂಟ ಎರಡೂ ಉಳ್ಕೊಳ್ಳತ್ತೆ. ಹಂಗಂತ ತೀರಾ ಕಮ್ಮಿ ಮಾಡಿದ್ರೆ ರಿಮ್ಮಿಗೇ ಪೆಟ್ಟು, ತಿರುವಲ್ಲಿ ಟೈರಿನ ಅಂಚು ಜರುಗಿ ಬುಸ್ ಅಂತ ಗಾಳಿ ಬಿಡೋದೂ ಉಂಟು.

ಈಗ ಈ ಬಾಟ್ಲಿ. ಹಾಲಿನ ಥರ ಕಾಣ್ತಿರೋದು ಸೀಲೆಂಟು, ಹೆಚ್ಚಿನವು ಲೇಟೆಕ್ಸ್, ಅಂದ್ರೆ ದ್ರವ ರೂಪದ ರಬ್ಬರ್, ಅದರ ಜೊತೆ ಸಣ್ಣ ಸಣ್ಣ ನಾರು, ಪುಡಿ ಏನೇನೋ ಸೇರಿಸಿರ್ತಾರೆ. ಚಕ್ರ ತಿರುಗ್ತಾ ಇದ್ದಂಗೆ ಇದು ಟೈರ್ ಒಳಗೆಲ್ಲಾ ಹರಿದಾಡ್ತಾ ಇರತ್ತೆ, ಎಲ್ಲೋ ತೂತಾಯ್ತು ಅಂದ್ರೆ ಹೊರಗೆ ನುಗ್ಗೋ ಗಾಳಿ ಜೊತೆ ಇದೂ ಆ ತೂತಿಗೇ ನುಗ್ಗತ್ತೆ, ಪುಡಿ ಹೋಗಿ ಅಡ್ಡ ಕೂರತ್ತೆ, ಲೇಟೆಕ್ಸ್ ಅದರ ಸುತ್ತ ಗಟ್ಟಿಯಾಗತ್ತೆ. ಮುಳ್ಳು, ಸಣ್ಣ ತಂತಿ ಇಂಥವಕ್ಕೆ ಆರಾಮಾಗಿ ಮುಚ್ಕೊಳ್ಳತ್ತೆ. ಗಾಳಿ ಒತ್ತಡ ಜಾಸ್ತಿ ಇರೋ ರೋಡ್ ಟೈರಲ್ಲಿ ಮಾತ್ರ ಕಟ್ಕೊಳ್ಳೋಕೆ ಮುಂಚೆನೇ ಪಿಚಕಾರಿ ಹೊಡ್ಕೊಂಡು ಹೊರಗೆ ಹೋಗ್ತಾ ಇರತ್ತೆ, ಒತ್ತಡ ಸಾಕಷ್ಟು ಇಳಿದ ಮೇಲೇ ನಿಲ್ಲೋದು, ಆಗ ಇಳಿದು ಸ್ವಲ್ಪ ಗಾಳಿ ಹೊಡ್ಕೊಂಡು ಹೊರಡ್ಬೇಕು. ಟೈರಿನ ಪಕ್ಕದ ಗೋಡೆ ಸೀಳಿದ್ರೆ ಮಾತ್ರ ಸೀಲೆಂಟಿಂದ ಏನೂ ಆಗಲ್ಲ, ಅದನ್ನ ಮೊದಲೇ ತಲೇಲಿ ಇಟ್ಕೊಂಡಿರಿ.

ಸರಿ, ಕೆಲಸಕ್ಕೆ ಬರೋಣ. ರಿಮ್ಮೂ ಟೈರೂ ಎರಡೂ ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿರೋದು ಇರ್ಬೇಕು, ಹಳೇ ರಿಮ್ಮಿಗೆ ಎಂಥದೋ ಟೇಪ್ ಸುತ್ತಿ ಜುಗಾಡ್ ಮಾಡೋ ವಿಡಿಯೋಗಳು ಬೇಕಾದಷ್ಟಿವೆ, ನಾನಂತೂ ಮಾಡಿ ಅಂತ ಹೇಳಲ್ಲ, ಓಡ್ತಿರೋವಾಗ ಟೈರ್ ಕಳಚ್ಕೊಂಡ್ರೆ ಹಲ್ಲಿಗೆ ದುಡ್ಡು ಕೊಡೋರು ಯಾರು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ರಿಮ್ ಟೇಪು. ಗಾಳಿ ಸೋರ್ತಾ ಇದೆ, ಸೀಲೆಂಟ್ ಸರಿಯಿಲ್ಲ ಅಂತ ಬೈತಿರ್ತಾರೆ, ಬಿಚ್ಚಿ ನೋಡಿದ್ರೆ ಟೇಪ್ ಎದ್ದು ಸ್ಪೋಕ್ ತೂತಿನ ಕಡೆಯಿಂದ ಗಾಳಿ ಹೋಗ್ತಿರತ್ತೆ. ರಿಮ್ ಒಳಗಿನ ಅಗಲಕ್ಕಿಂತ ಎರಡು ಮೂರು ಎಂಎಂ ಜಾಸ್ತಿ ಅಗಲದ ಟೇಪ್ ತಗೊಳ್ಳಿ, ರಿಮ್ಮನ್ನ ಸ್ಪಿರಿಟ್ಟಲ್ಲಿ ಒರೆಸಿ ಪೂರ್ತಿ ಒಣಗ್ಲಿ, ಆಮೇಲೆ ಈ ಥರ ಬಿಗಿಯಾಗಿ ಎಳೆದು ಎಳೆದು ಸುತ್ತಿ, ಗುಳ್ಳೆ ಒಂದೂ ಉಳೀಬಾರ್ದು. ವಾಲ್ವಿಗೆ ತೂತು ಮಾಡೋವಾಗ ಬ್ಲೇಡಲ್ಲಿ ಕೊಯ್ಬೇಡಿ, ಸೀಳು ಮುಂದೆ ಹೋಗ್ತಾನೇ ಇರತ್ತೆ, ಚೂಪಾದ್ದನ್ನ ಬಿಸಿ ಮಾಡಿ ದುಂಡಗೆ ಒಂದು ತೂತು ಸಾಕು.

ಸೀಲೆಂಟ್ ಹಾಕೋಕೆ ಮುಂಚೆ ಬರೀ ಗಾಳಿ ಹೊಡೆದು ಟೈರ್ ಕೂತ್ಕೊಳ್ಳತ್ತಾ ನೋಡ್ಬೇಕು. ಅಂಚಿಗೆ ಸೋಪ್ ನೀರು ಸವರಿ, ವಾಲ್ವ್ ಒಳಗಿನ ಕೋರ್ ಬಿಚ್ಚಿಟ್ಟು, ಗಾಳಿ ಒಂದೇ ಸಲ ನುಗ್ಗೋ ಹಾಗೆ ಹೊಡೀರಿ. ಮಾಮೂಲಿ ಪಂಪಲ್ಲಿ ಒಂದೊಂದು ಟೈರ್ ಬಗ್ಗಲ್ಲ, ಕಂಪ್ರೆಸರೋ ಟ್ಯಾಂಕ್ ಇರೋ ಪಂಪೋ ಬೇಕಾಗತ್ತೆ. ಕೇಳಿ, ಈಗ, ಢಬ್! ಇನ್ನೊಂದು ಕಡೆನೂ, ಢಬ್! ಅಂಚು ರಿಮ್ಮಿಗೆ ಹೋಗಿ ಕೂತ್ಕೊಂಡ ಸದ್ದು ಅದು. ಕೂರ್ಲಿಲ್ಲ ಅಂತ ಸಿಟ್ಟಿಗೆ ಸಿಕ್ಕಾಪಟ್ಟೆ ಗಾಳಿ ತುಂಬ್ಬೇಡಿ ಆಯ್ತಾ, ಟೈರ್ ಮೇಲೂ ರಿಮ್ ಮೇಲೂ ಗರಿಷ್ಠ ಎಷ್ಟು ಅಂತ ಬರೆದಿರತ್ತೆ, ಎರಡ್ರಲ್ಲಿ ಯಾವುದು ಕಮ್ಮಿನೋ ಅದೇ ಲೆಕ್ಕ, ಹುಕ್‌ಲೆಸ್ ರಿಮ್, ಅಂದ್ರೆ ಟೈರಿನ ಅಂಚು ಹಿಡಿಯೋ ಕೊಕ್ಕೆ ಇಲ್ಲದ ರಿಮ್ ಆದ್ರಂತೂ ರೋಡ್ ಟೈರಿಗೂ 5 ಬಾರ್ ದಾಟೋ ಹಾಗಿಲ್ಲ, ಅಂದ್ರೆ 72.5 ಪಿಎಸ್ಐ.

ಕೂತಾದ ಮೇಲೆ ಗಾಳಿ ಬಿಟ್ಟು ಸಿರಿಂಜಲ್ಲಿ ವಾಲ್ವ್ ಮೂಲಕನೇ ಸೀಲೆಂಟ್ ಒಳಗೆ ಬಿಡೋದು. 28 ಎಂಎಂಗೆ 30ರಿಂದ 45 ಎಂಎಲ್, ದಪ್ಪ ಎಂಟಿಬಿ ಟೈರಿಗೆ 90ರಿಂದ 120 ತನಕ ಬೇಕು, ಬಾಟ್ಲಿನ ಚೆನ್ನಾಗಿ ಕುಲುಕಿ, ಇಲ್ಲಾಂದ್ರೆ ಪುಡಿಯೆಲ್ಲಾ ತಳದಲ್ಲೇ ಉಳ್ಕೊಳ್ಳತ್ತೆ. ಕೋರ್ ಹಾಕಿ ಗಾಳಿ ತುಂಬಿ ಚಕ್ರನ ಅಡ್ಡ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ, ಆಮೇಲೆ ಒಂದು ಸುತ್ತು ಓಡಿಸ್ಕೊಂಡು ಬನ್ನಿ, ನಿಲ್ಸಿಟ್ರೆ ಅದು ಎಲ್ಲಾ ಕಡೆ ಹರಡಲ್ಲ.

ಆಮೇಲೆ ಜನ ಮರೆತುಬಿಡೋದು ಇಲ್ಲೇ ನೋಡಿ, ಸೀಲೆಂಟ್ ಒಣಗತ್ತೆ. ಎರಡು ತಿಂಗಳಿಂದ ಆರು ತಿಂಗಳು, ಬಿಸಿಲು, ಒಣ ಹವೆ ಜಾಸ್ತಿ ಇದ್ರೆ ಇನ್ನೂ ಬೇಗ. ಒಣಗಿದ ಮೇಲೆ ನಿಮ್ಮ ಹತ್ರ ಇರೋದು ಟ್ಯೂಬೂ ಇಲ್ಲದ ಸೀಲೆಂಟೂ ಇಲ್ಲದ ಟೈರು, ಮೊದಲನೇ ಮುಳ್ಳಿಗೇ ಮಲಗತ್ತೆ. ವಾಲ್ವ್ ಕೋರ್ ತೆಗೆದು ತೆಳ್ಳಗಿನ ಕಡ್ಡಿ ಇಳಿಸಿ ನೋಡಿದ್ರೆ ತೇವ ಇದ್ಯೋ ಇಲ್ವೋ ಗೊತ್ತಾಗತ್ತೆ. ಕೋರೇ ಕಟ್ಕೊಂಡು ಗಾಳಿ ಒಳಗೆ ಹೋಗ್ತಿಲ್ಲ ಅಂದ್ರೆ ಹೊಸ ಕೋರ್ ಹಾಕಿ, ಸಣ್ಣ ಸಾಮಾನು, ಬ್ಯಾಗಲ್ಲಿ ಎರಡು ಇಟ್ಕೊಂಡಿರಿ.

ಸೀಲೆಂಟಿಗೂ ಮೀರಿದ ತೂತಾದ್ರೆ ಇದು, ಪ್ಲಗ್, ಅಂಟಂಟಾದ ರಬ್ಬರ್ ದಾರ, ಸೂಜೀಲಿ ತೂತಿಗೆ ತುರುಕಿ ಎಳ್ಕೊಂಡ್ರೆ ಆಯ್ತು, ಟೈರ್ ಬಿಚ್ಚೋದೇ ಬೇಡ. ಗಾಳಿಗೆ ಪಂಪ್ ಬದಲು ಸಿಒ2 ಕಾರ್ಟ್ರಿಜ್, ಅಂದ್ರೆ ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್ ಬಳಸೋರು ಸೀಲೆಂಟ್ ಬಾಟ್ಲಿ ಓದ್ಕೊಳ್ಳಿ, ಕೆಲವು ಲೇಟೆಕ್ಸ್ ಆ ಗ್ಯಾಸಿಗೆ ಅಲ್ಲೇ ಹೆಪ್ಪುಗಟ್ಟತ್ತೆ. ಒಂದು ಟ್ಯೂಬ್ ಅಂತೂ ಯಾವಾಗ್ಲೂ ಜೊತೇಲಿರ್ಲಿ. ಆದ್ರೆ ಟ್ಯೂಬ್ ಹಾಕೋಕೆ ಮುಂಚೆ ಟೈರ್ ಒಳಗೆ ಬಟ್ಟೆ ಆಡಿಸಿ ನೋಡಿ, ಸೀಲೆಂಟ್ ಸದ್ದಿಲ್ಲದೆ ಮುಚ್ಚಿದ ನೆಗ್ಗಿಲು ಮುಳ್ಳುಗಳೆಲ್ಲಾ ಅಲ್ಲೇ ನೆಟ್ಕೊಂಡಿರತ್ವೆ, ಕೀಳದೆ ಹಾಕಿದ್ರೆ ಹೊಸ ಟ್ಯೂಬಿಗೂ ಅದೇ ಗತಿ.

ಟ್ಯೂಬ್ ಒಳಗೇ ಸೀಲೆಂಟ್ ಹಾಕ್ಬೋದಾ ಅಂತ ಕೇಳ್ತಾರೆ. ಕೋರ್ ಬಿಚ್ಚೋಕೆ ಬರೋ ಬ್ಯುಟೈಲ್, ಅಂದ್ರೆ ಮಾಮೂಲಿ ಕಪ್ಪು ರಬ್ಬರಿನ ಟ್ಯೂಬ್ ಆದ್ರೆ ಹಾಕ್ಬೋದು, ಸಣ್ಣ ಮುಳ್ಳು ತಡೆಯತ್ತೆ, ಸ್ನೇಕ್ ಬೈಟಿಗೆ ಉಪಯೋಗ ಇಲ್ಲ, ಆಮೇಲೆ ಪ್ಯಾಚ್ ಹಾಕೋಕೆ ಹೋದ್ರೆ ಒದ್ದೆಗೆ ಅಂಟಲ್ಲ, ಸಾಕಾಗೋಗತ್ತೆ.

ದಿನಾ ಓಡಾಡೋ ನನ್ನ ಇನ್ನೊಂದು ಸೈಕಲ್ ಇದೆಯಲ್ಲ, ಆ ಗೋಡೆಗೆ ಒರಗಿಸಿರೋದು, ಅದಕ್ಕೆ ಇದ್ಯಾವುದೂ ಮಾಡಿಲ್ಲ, ಮಾಡೋದೂ ಇಲ್ಲ. ರಿಮ್ ಹಳೇದು, ವೇಗದ ಚಿಂತೆ ಇಲ್ಲ, ಅದಕ್ಕೆ ಪಂಚರ್ ತಡೆಯೋ ದಪ್ಪ ಪಟ್ಟಿ ಇರೋ ಟೈರು, ಒಳಗೆ ಮಾಮೂಲಿ ಟ್ಯೂಬು. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಥರದ ಟೈರಲ್ಲಿ ಆ ಪಟ್ಟಿನೇ 5 ಎಂಎಂ ದಪ್ಪ. ಭಾರ ಹೌದು, ತುಳಿಯೋಕೆ ಸ್ವಲ್ಪ ಮಂದ ಹೌದು, ಆದ್ರೆ ತಿಂಗಳುಗಟ್ಟಲೆ ಸುಮ್ನೆ ನಿಂತಿದ್ರೂ ಅದರೊಳಗೆ ಒಣಗೋದು ಏನೂ ಇಲ್ಲ, ವಾರಕ್ಕೊಂದ್ಸಲ ಗಾಳಿ ನೋಡಿದ್ರೆ ಮುಗೀತು.