ರಜೆ ದಿನ ಒಂದು ಡಾಕ್ಯುಮೆಂಟರಿ, ಆಮೇಲೆ ಒಂದು ಗಂಟೆ ಮಾತು

ಎಲ್ರಿಗೂ ನಮಸ್ಕಾರ.

ದೊಡ್ಡ ಪ್ರಶಸ್ತಿ ಬಂದ ಮೇಲೆ ಸಿನಿಮಾ ತಾನಾಗೇ ಎಲ್ಲಾ ಕಡೆ ಸಿಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಡಾಕ್ಯುಮೆಂಟರಿ ವಿಷ್ಯದಲ್ಲಿ ಹಂಗಾಗಲ್ಲ. 'ನೋ ಅದರ್ ಲ್ಯಾಂಡ್' ನೋಡಿ, ಪ್ಯಾಲೆಸ್ಟೀನ್ ಮತ್ತೆ ಇಸ್ರೇಲಿನ ನಾಲ್ಕು ಜನ ಸೇರಿ ಮಾಡಿದ್ದು, 2024ರಲ್ಲಿ ಬರ್ಲಿನ್ ಫೆಸ್ಟಿವಲ್ಲಲ್ಲಿ ಬೆಸ್ಟ್ ಡಾಕ್ಯುಮೆಂಟರಿ, 2025ರಲ್ಲಿ ಆಸ್ಕರ್, ಆದ್ರೂ ಅಮೆರಿಕದಲ್ಲಿ ಒಬ್ಬ ದೊಡ್ಡ ಡಿಸ್ಟ್ರಿಬ್ಯೂಟರೂ ಅದನ್ನ ತಗೊಳ್ಲಿಲ್ಲ, ತಾವೇ ಥಿಯೇಟರ್‌ಗಳನ್ನ ಹಿಡಿದು ರಿಲೀಸ್ ಮಾಡ್ಬೇಕಾಯ್ತು. ಹಾಗಾಗಿ ಆಸಕ್ತಿ ಇರೋ ಹತ್ತು ಜನ ಸೇರ್ಕೊಂಡು ರಜೆ ದಿನ ಒಂದು ಹಾಲ್‌ನಲ್ಲಿ ಹಾಕೋ ಶೋನ ನಾನು ಸಣ್ಣ ಕೆಲ್ಸ ಅನ್ನಲ್ಲ, ಎಷ್ಟೋ ಸಿನಿಮಾಗಳಿಗೆ ಜನರ ಹತ್ರ ಬರೋಕೆ ಇರೋ ದಾರಿನೇ ಅದು.

ಆದ್ರೆ ರಜೆ ದಿನವೇ ಯಾಕೆ? ಸಿನಿಮಾ ನೋಡೋಕಲ್ಲ, ಸಿನಿಮಾ ಮುಗಿದ ಮೇಲೆ ಕೂತ್ಕೊಳ್ಳೋಕೆ. ಕೆಲ್ಸದ ದಿನ ಸಂಜೆ ಶೋ ಇಟ್ರೆ ಕೊನೇ ಟೈಟಲ್ ಬರೋ ಹೊತ್ತಿಗೆ ಅರ್ಧ ಹಾಲ್ ಎದ್ದಿರತ್ತೆ.

'ಹನಿಲ್ಯಾಂಡ್' ಅಂತ ಒಂದಿದೆ, 2019ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಫಿಲ್ಮ್ ಫೆಸ್ಟಿವಲ್ಲಲ್ಲಿ ಮೂರು ಪ್ರಶಸ್ತಿ ತಗೊಂಡಿದ್ದು. ಉತ್ತರ ಮ್ಯಾಸಿಡೋನಿಯಾದ ಬೆಟ್ಟದಲ್ಲಿ ಜೇನು ತೆಗೆಯೋ ಹೆಣ್ಮಗಳು, ಹಾಸಿಗೆ ಹಿಡಿದ ತಾಯಿ, ಅಷ್ಟೇ ಸಂಸಾರ. ಮೂರು ವರ್ಷ ಶೂಟ್ ಮಾಡಿ, 400 ಗಂಟೆಯಷ್ಟು ಫೂಟೇಜಿಂದ ಒಂದೂವರೆ ಗಂಟೆ ಕೂಡ ದಾಟದ ಸಿನಿಮಾ ತೆಗ್ದಿದ್ದಾರೆ. ಆಕೆ ಅರ್ಧ ತನಗೆ, ಅರ್ಧ ಹುಳಗಳಿಗೆ ಅಂತ ಬಿಟ್ಟು ತೆಗೀತಾಳೆ. ಪಕ್ಕದಲ್ಲಿ ಬಂದು ಬಿಡಾರ ಹಾಕಿದ ಸಂಸಾರ ವ್ಯಾಪಾರಿ ಒತ್ತಾಯಕ್ಕೆ ಜಾಸ್ತಿ ತೆಗೆಯೋಕೆ ಹೋಗಿ, ಕೊನೆಗೆ ಈಕೆಯ ಜೇನುಹುಳಗಳೂ ಸಾಯ್ತವೆ. ತಪ್ಪು ಯಾರದು? ಅಷ್ಟೊಂದು ಮಕ್ಕಳನ್ನ ಸಾಕ್ಬೇಕಾದ ಆ ಅಪ್ಪನ್ದಾ, ವ್ಯಾಪಾರಿದಾ, ಇನ್ನೂ ಮುಂದಕ್ಕೆ ಹೋದ್ರೆ ಜೇನು ಕೊಂಡುಕೊಳ್ಳೋ ನಮ್ದಾ? ಒಬ್ರೇ ಮೊಬೈಲಲ್ಲಿ ನೋಡಿದ್ರೆ ಮನಸ್ಸಿಗೆ ತೋಚಿದ ಮೊದಲ ಉತ್ರಕ್ಕೇ ನಿಂತುಬಿಡ್ತೀವಿ, ಹಾಲ್‌ನಲ್ಲಿ ಪಕ್ಕದ ಸಾಲಿನವರು ಎದ್ದು ಅಲ್ಲ ಅಂತಾರೆ, ಆಗ ಯೋಚ್ನೆ ಶುರುವಾಗತ್ತೆ. ಕ್ಯಾಮೆರಾ ಹಿಡಿದವರು ಆಕೆಗೆ ಏನ್ ಮಾಡಿದ್ರು ಅಂತಾನೂ ಕೇಳ್ಬೇಕು, ತುಂಬಾ ನ್ಯಾಯವಾದ ಪ್ರಶ್ನೆ ಅದು. ಇಲ್ಲಿ ಚಿತ್ರತಂಡದವರು ಆಮೇಲೆ ಆಕೆಗೆ ಬೇರೆ ಊರಲ್ಲಿ ಮನೆ ಕೊಡಿಸಿದ್ರು. ಅಷ್ಟು ಸಾಕಾ, ಅದೂ ಚರ್ಚೆಗೆ ಬರ್ಲಿ.

ಇನ್ನು ಶೋ ಮಾಡೋರಿಗೆ. ಮನೇಲಿ ನೋಡೋಕೆ ಕಟ್ಟಿದ ಒಟಿಟಿ ಸಬ್‌ಸ್ಕ್ರಿಪ್ಷನ್ ಇದೆ ಅಂತ ಅದನ್ನೇ ಪ್ರೊಜೆಕ್ಟರ್‌ಗೆ ಹಾಕಿ ಊರಿಗೆಲ್ಲಾ ತೋರ್ಸೋ ಹಾಗಿಲ್ಲ. ನೆಟ್‌ಫ್ಲಿಕ್ಸ್ ತನ್ನ ಕೆಲವು ಡಾಕ್ಯುಮೆಂಟರಿಗಳನ್ನ, ನೋಡೋರ ಹತ್ರ ದುಡ್ಡು ತಗೊಳ್ದೆ ಶಿಕ್ಷಣಕ್ಕೆ ಅಂತ ತೋರ್ಸೋದಾದ್ರೆ, ಬಿಡತ್ತೆ, ಉಳಿದವಕ್ಕೆ ಡೈರೆಕ್ಟರ್‌ಗೋ ಡಿಸ್ಟ್ರಿಬ್ಯೂಟರ್‌ಗೋ ಒಂದು ಮೇಲ್ ಹಾಕಿ, ಎಷ್ಟು ಜನ ಬರ್ತಾರೆ, ಟಿಕೆಟ್ ಇದ್ಯಾ ಇಲ್ವಾ ಅಂತ ನೇರವಾಗಿ ಬರೀರಿ. ಇಂಡಿಪೆಂಡೆಂಟ್ ಆಗಿ ಮಾಡೋರು ಎಷ್ಟೋ ಸಲ ಸ್ವಂತ ದುಡ್ಡು ಹಾಕಿರ್ತಾರೆ, ಸಾಲನೂ ಮಾಡಿರ್ತಾರೆ, ಸ್ಕ್ರೀನಿಂಗ್ ಫೀ ಕೇಳಿದ್ರೆ ದಯವಿಟ್ಟು ಕೊಡಿ, ನಾವು ಪ್ರಚಾರ ಕೊಡ್ತಿದ್ದೀವಲ್ಲ ಅನ್ಬೇಡಿ.

ಹಗಲು ಶೋ ಆದ್ರೆ ಕಿಟಕಿಗಳಿಗೆ ಕಪ್ಪು ಬಟ್ಟೆ. ಪರದೆ ಸ್ವಲ್ಪ ಎತ್ತರಕ್ಕೆ ಕಟ್ಟಿ, ಇಲ್ಲಾಂದ್ರೆ ಮುಂದಿನವರ ತಲೆ ಅಡ್ಡ ಬಂದು ಸಬ್‌ಟೈಟಲ್ ಕಾಣಲ್ಲ, ಗೊತ್ತಿಲ್ಲದ ಭಾಷೆಯ ಸಿನಿಮಾಗೆ ಸಬ್‌ಟೈಟಲ್ಲೇ ಗತಿ. ಚಿತ್ರ ಸ್ವಲ್ಪ ಮಸುಕಾದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಎದ್ದೋಗ್ತಾರೆ, ಅದಕ್ಕೇ ದುಡ್ಡು ಕಮ್ಮಿ ಇದ್ರೆ ಮೊದ್ಲು ಸ್ಪೀಕರ್‌ಗೆ ಹಾಕಿ. ಆಯೋಜಕರು ಸಿನಿಮಾನ ಮೊದಲೇ ಪೂರ್ತಿ ನೋಡಿರ್ಬೇಕು, ರಜೆ ಅಂದ್ರೆ ಮಕ್ಕಳೂ ಬರ್ತಾರೆ, ಹಿಂಸೆಯ ದೃಶ್ಯ ಇದ್ರೆ ಪೋಸ್ಟರ್‌ನಲ್ಲೇ ಹಾಕ್ಬಿಡಿ.

ಚರ್ಚೆ ನಡೆಸೋರು ಭಾಷಣ ಮಾಡೋದು ಬೇಡ, ಯಾವ ದೃಶ್ಯ ಕಾಡ್ತು ಅಂತ ಕೇಳಿ ಮೈಕ್‌ನ ಹಿಂದಿನ ಸಾಲಿಗೆ ಕಳ್ಸಿ. ಅಲ್ಲಿ ಬಂದ ಪ್ರಶ್ನೆಗಳನ್ನ ಯಾರಾದ್ರೂ ಬರ್ಕೊಂಡು ಡೈರೆಕ್ಟರ್‌ಗೆ ಮೇಲ್ ಮಾಡಿ, ತನ್ನ ಸಿನಿಮಾ ನೋಡಿ ಜನ ಏನ್ ಮಾತಾಡಿದ್ರು ಅನ್ನೋದು ಅವರಿಗೂ ಗೊತ್ತಾಗ್ಲಿ.