ದೋಣಿಯೊಳಗೆ ಉಪ್ಪು ಮನೆ ಮಾಡದಿರಲಿ

ಕೇಳುಗರೇ, ನಮಸ್ಕಾರ. ಸಮುದ್ರದಿಂದ ಬಂದ ದೋಣಿಯ ಹೊರಮೈಯನ್ನು ತೊಳೆಯುವುದು ಯಾರಿಗೂ ಮರೆಯುವುದಿಲ್ಲ. ಒಳಗಿನ ಕ್ಯಾಬಿನ್ ಒದ್ದೆಯಾಗಿದ್ದರೆ ಮಾತ್ರ ಸುಮ್ನೆ ಒಣಗಲು ಬಿಡುತ್ತೇವೆ, ಅಲ್ವಾ? ಒಣಗಿ ಹೋಗುವುದು ನೀರು ಮಾತ್ರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದಷ್ಟೂ ಒಳಗೇ ಉಳಿಯುತ್ತದೆ.

ಉಳಿದ ಉಪ್ಪು ಸುಮ್ಮನೆ ಕೂರುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 75ರಷ್ಟು ದಾಟಿದರೆ ನಮ್ಮ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ಪಸೆ ಹಿಡಿಯುತ್ತದೆ. ಹಾಸಿಗೆ, ದಿಂಬು ಎಷ್ಟು ಬಿಸಿಲಿಗಿಟ್ಟರೂ ಸಂಜೆಗೆ ಮತ್ತೆ ತೇವ ಅನ್ನಿಸುವುದು ಇದಕ್ಕೇ. ಅವುಗಳ ಕವರ್ ಬಿಚ್ಚಿ ಸಿಹಿನೀರಿನಲ್ಲಿ ಒಗೆಯಬೇಕು, ಬೇರೆ ದಾರಿಯಿಲ್ಲ.

ಅಲೆ ನುಗ್ಗದೆಯೂ ಉಪ್ಪು ಒಳಗೆ ಬರುತ್ತದೆ, ಅದನ್ನು ತರುವವರು ನಾವೇ. ಒದ್ದೆ ಜಾಕೆಟ್, ಚಪ್ಪಲಿ, ಹಗ್ಗ, ಲೈಫ್ ಜಾಕೆಟ್ ಎಲ್ಲದರ ಜೊತೆಗೂ ಬರುತ್ತದೆ. ಇವುಗಳನ್ನು ಬಾಗಿಲ ಹೊರಗೇ ಬಿಡಿ. ಒಳಗೇ ಇಡಬೇಕಾದರೆ ಮೊದಲು ಸಿಹಿನೀರಿನಲ್ಲಿ ಅದ್ದಿ ತೆಗೆಯಿರಿ. ಕ್ಯಾಬಿನ್ ಒರೆಸುವಾಗ ಬಟ್ಟೆಯನ್ನು ಆಗಾಗ ಸಿಹಿನೀರಿನಲ್ಲಿ ಜಾಲಿಸಿ ಹಿಂಡಿ, ನೀರನ್ನೂ ಬದಲಿಸಿ. ಇಲ್ಲವಾದರೆ ಒಂದು ಮೂಲೆಯ ಉಪ್ಪನ್ನು ಇಡೀ ಕ್ಯಾಬಿನ್‌ಗೆ ಸವರಿದಂತಾಗುತ್ತದೆ.

ನನಗೆ ಜಾಸ್ತಿ ಚಿಂತೆ ವೈರಿಂಗ್‌ನದು. ತುಕ್ಕು ಹಿಡಿದ ಮೊಳೆ ಕಣ್ಣಿಗೆ ಬೀಳುತ್ತದೆ, ಆದರೆ ಪ್ಯಾನೆಲ್ ಹಿಂದೆ ಕಿಲುಬು ಹಿಡಿದ ತಾಮ್ರದ ತಂತಿ ಕಾಣುವುದಿಲ್ಲ, ರಾತ್ರಿ ಹೊತ್ತು ದೀಪವೋ ರೇಡಿಯೋವೋ ಪಂಪೋ ಕೈಕೊಟ್ಟಾಗಲೇ ಅದರ ಸುದ್ದಿ ತಿಳಿಯುವುದು. ಕಿಲುಬು ಹಿಡಿದ ಜೋಡಣೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಜಾಗ ಬಿಸಿಯಾಗುತ್ತದೆ, ಬೆಂಕಿಯೂ ಹತ್ತಬಹುದು. ಹಾಗಾಗಿ ತವರ ಲೇಪಿಸಿದ ತಾಮ್ರದ ವೈರನ್ನೇ ಹಾಕಿಸಿ. ಜೋಡಣೆಯ ಮೇಲೆ, ಬಿಸಿ ಮಾಡಿದಾಗ ಕುಗ್ಗಿ ಒಳಗಿನ ಅಂಟಿನಿಂದ ಮುಚ್ಚಿಕೊಳ್ಳುವ ಕೊಳವೆ ಇರಲಿ. ಬರೀ ಟೇಪ್ ಸುತ್ತಿದ್ದನ್ನು ನಂಬಬೇಡಿ, ಅದರಡಿ ತೇವ ಸಿಕ್ಕಿಕೊಂಡರೆ ಹೊರಗೆ ಹೋಗುವುದಿಲ್ಲ. ವೈರು ಟರ್ಮಿನಲ್ ಸೇರುವ ಮುನ್ನ ಸ್ವಲ್ಪ ಕೆಳಗೆ ಬಾಗಿ ಮೇಲೆ ಬರಲಿ, ಆಗ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪ್ಯಾನೆಲ್ ಬಿಚ್ಚುವ ಮೊದಲು ಬ್ಯಾಟರಿ ಸಂಪರ್ಕ ತೆಗೆಯಲೇಬೇಕು.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕೇ ಇಲ್ಲ ಎಂಬ ನಂಬಿಕೆಯೂ ಬೇಡ. ಅದರ ಮೇಲಿನ ಕಾಪಾಡುವ ಪದರಕ್ಕೆ ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಹೂತ ಸ್ಕ್ರೂಗೆ ಅದು ಸಿಗುವುದಿಲ್ಲ. ಅದೇ ಸ್ಕ್ರೂ ಅಲ್ಯೂಮಿನಿಯಂ ಒಳಗಿದ್ದು, ಜೊತೆಗೆ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಂ.

ಗಾಳಿ ಒಣಗಿರುವ ದಿನ ಕಿಟಕಿ, ಕಪಾಟು ಎಲ್ಲ ತೆರೆದಿಡಿ. ನೀರಿನ ತುಂತುರು ಹಾರುತ್ತಿದ್ದರೆ ಮುಚ್ಚಿಡಿ. ತೇವ ಹೀರುವ ಯಂತ್ರ ಒಳ್ಳೆಯದೇ, ಆದರೆ ಅದು ಉಪ್ಪನ್ನು ತೆಗೆಯುವುದಿಲ್ಲ. ದೋಣಿಯ ತಳದಲ್ಲಿ ನಿಂತ ಸಮುದ್ರದ ನೀರನ್ನು ಪೂರ್ತಿ ಹೊರಹಾಕಿ, ಅಲ್ಲಿಗೂ ಒಂದಿಷ್ಟು ಸಿಹಿನೀರು ಸುರಿದು ಮತ್ತೊಮ್ಮೆ ಪಂಪ್ ಮಾಡಿ, ಆಮೇಲೆ ದೋಣಿಗೆ ಬೀಗ ಹಾಕಿ.