ಸೇಬಿನ ಮೇಲಿನ ಕಪ್ಪು ಚುಕ್ಕೆ

ಕೇಳುಗರಿಗೆ ನಮಸ್ಕಾರ.

ಸೇಬು ತಂದಿರುತ್ತೀರಿ. ತೊಟ್ಟಿನ ಎದುರು ತುದಿಯಲ್ಲಿ ಸಣ್ಣ ಸಣ್ಣ ಕಂದು ಗುಳಿ. ಸಿಪ್ಪೆ ತೆಗೆದರೆ ಒಳಗೆ ಬೆಂಡಿನ ಹಾಗೆ ಒಣಗಿದ ತುಣುಕು, ಬಾಯಿಗಿಟ್ಟರೆ ಕಹಿ. ಹುಳ ಬಿದ್ದಿದೆ ಅಂತ ಅಂಗಡಿಯವನ ಹತ್ತಿರ ಜಗಳ ಆಡುತ್ತೀರಿ, ಅಲ್ವಾ? ಹುಳ ಅಲ್ಲ ಸ್ವಾಮಿ, ಹಣ್ಣಿಗೆ ಕ್ಯಾಲ್ಸಿಯಂ ತಲುಪಿಲ್ಲ. 'ತಲುಪಿಲ್ಲ' ಅಂದೆ, 'ಮಣ್ಣಲ್ಲಿ ಇಲ್ಲ' ಅನ್ನಲಿಲ್ಲ. ಇದನ್ನು ಬಿಟರ್ ಪಿಟ್ ಅಂತಾರೆ, ನಾವು ಕಹಿಗುಳಿ ಅನ್ನೋಣ.

ಹಿಮಾಚಲದಲ್ಲಿ ಕೋಟಗಢ ಅಂತ ಇದೆ. ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ತಮ್ಮ ದೇಶದ ಸೇಬಿನ ಸಸಿ ತಂದು ನೆಟ್ಟ ಕಡೆ. ಅಲ್ಲಿ ಒಬ್ಬ ಬೆಳೆಗಾರರ ತೋಟಕ್ಕೆ ಹೋಗಿದ್ದೆ. ಹಿಂದಿನ ವರ್ಷ ಅವರ ಹಣ್ಣು ಒಂದೊಂದೂ ಅಂಗೈ ತುಂಬ. ಒಳ್ಳೆ ರೇಟು ಬರಲಿ ಅಂತ ಕೋಲ್ಡ್ ಸ್ಟೋರೇಜಿಗೆ ಹಾಕಿದರು. ಎರಡು ತಿಂಗಳಾದ ಮೇಲೆ ಪೆಟ್ಟಿಗೆ ಬಿಚ್ಚಿದರೆ, ಹಣ್ಣುಗಳಿಗೆ ಸಿಡುಬು ಎದ್ದ ಮುಖ!

ಈ ವರ್ಷ ಕ್ಯಾಲ್ಸಿಯಂ ಸಿಗಲಿ ಅಂತ ಒಂದೊಂದು ಮರದ ಸುತ್ತಲೂ ಸುಣ್ಣ ಸುರಿದಿದ್ದರು, ರಂಗೋಲಿ ಬಿಟ್ಟ ಹಾಗೆ. ಜೊತೆಗೆ ಹಣ್ಣು ಇನ್ನೂ ದಪ್ಪ ಆಗಲಿ ಅಂತ ಯೂರಿಯಾ, ಪೊಟ್ಯಾಷ್ ಧಾರಾಳ. ಚಳಿಗಾಲದಲ್ಲಿ ರೆಂಬೆಗಳನ್ನೂ ಬೋಳಿಸಿದ್ದರು. ಇದೆಲ್ಲದರಿಂದ ಮರದ ತುಂಬ ಮೊಳದುದ್ದ ಚಿಗುರು. ಒಂದನ್ನು ಬಗ್ಗಿಸಿ ಹಿಡಿದು, "ಕಳ್ಳ ಇವನೇ" ಅಂದೆ.

"ಡಾಕ್ಟರ್ ಸಾಬ್, ಎಲೆ ಎಲ್ಲಾದರೂ ಹಣ್ಣು ತಿನ್ನುತ್ತದೆಯೇ?" ಅಂತ ನಕ್ಕರು.

ತಿನ್ನುವುದಿಲ್ಲ, ಅದರ ಪಾಲು ಕಸಿಯುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರಬೇಕು. ಎಲೆ ಬಿಸಿಲಿಗೆ ನೀರನ್ನು ಆವಿ ಮಾಡುತ್ತಲೇ ಇರುತ್ತದೆ, ಹಾಗಾಗಿ ನೀರು ಆ ಕಡೆಗೇ ಜಾಸ್ತಿ ಹೋಗುತ್ತದೆ. ಎಲೆ ಸೇರಿದ ಕ್ಯಾಲ್ಸಿಯಂ ಮತ್ತೆ ಹಣ್ಣಿಗೆ ಇಳಿದು ಬರುವುದಿಲ್ಲ. ಅಷ್ಟೊಂದು ಸುಣ್ಣ ಸುರಿದು ಏನು ಬಂತು? ಹಣ್ಣಿಗೆ ತಲುಪಬೇಕಲ್ಲ!

ಅಲ್ಲಿಯವರ ಲೆಕ್ಕವೆಲ್ಲ 200 ಲೀಟರ್ ಡ್ರಮ್ಮಿನದು. ಒಂದು ಡ್ರಮ್ ನೀರಿಗೆ 1 ಕೆಜಿ ಕ್ಯಾಲ್ಸಿಯಂ ಕ್ಲೋರೈಡ್. ಕಾಯಿ ಬಲಿಯುವ ಹೊತ್ತಲ್ಲಿ ಎರಡು ಮೂರು ಸಲ ಸಿಂಪಡಿಸಿ ಅಂದೆ. ಎಲೆ ತೊಯ್ದರೆ ಸಾಲದು, ಕಾಯಿಯೇ ತೊಯ್ಯಬೇಕು. ಸುಡುಬಿಸಿಲಲ್ಲಿ ಬೇಡ, ಎಲೆ ಸುಟ್ಟುಹೋಗುತ್ತದೆ. ಯೂರಿಯಾ ಹಾಕುವಾಗ ಕೈ ಬಿಗಿ ಹಿಡಿಯಿರಿ, ಬುಡಕ್ಕೆ ಒಣಹುಲ್ಲು ಹೊದಿಸಿ ತೇವ ಕಾಯ್ದುಕೊಳ್ಳಿ ಅಂದೆ. ಸುಣ್ಣದ ಚೀಲ ಇನ್ನೂ ನಾಲ್ಕು ಉಳಿದಿದೆಯಲ್ಲ, ಏನು ಮಾಡಲಿ ಅಂದರು. ಮನೆ ಗೋಡೆಗೆ ಬಳಿಯಿರಿ ಅಂದೆ.

ಕಥೆಯಲ್ಲೇ ಸಮಯ ಹೋಯಿತು. ಸೇಬಿಗೆ ಬೇಕಾದ ಇನ್ನೊಂದು ಪೋಷಕಾಂಶ ಬೋರಾನ್, ಅದರ ಕೊರತೆ ಬಗ್ಗೆ ಒಂದೇ ಮಾತು: ಹಣ್ಣು ಸೊಟ್ಟಗಾಗಿ ಬಿರುಕು ಬಿಟ್ಟರೆ ಅದರ ಮೇಲೆ ಅನುಮಾನ ಪಡಿ. ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಡ್ರಮ್ಮಿಗೆ 200 ಗ್ರಾಂ ಬೋರಿಕ್ ಆಸಿಡ್ ಸಾಕು.

ನಮಗ್ಯಾಕೆ ಸೇಬಿನ ಮಾತು ಅಂತೀರಾ, ಕೋಲಾರದವರೇ? ನಿಮ್ಮ ಟೊಮೆಟೊ ತಳ ಕಪ್ಪಾಗಿ ಕೂರುತ್ತದಲ್ಲ, ಅದೂ ಇದೇ. ನಾಲ್ಕು ದಿನ ಒಣಗಿಸಿ ಐದನೇ ದಿನ ಹೊಲ ಮುಳುಗಿಸಬೇಡಿ. ದಿನಾ ಇಷ್ಟಿಷ್ಟೇ ನೀರು ಕೊಡಿ. ಕ್ಯಾಲ್ಸಿಯಂ ಕಾಯಿಗೆ ತಲುಪಲಿ. ನಮಸ್ಕಾರ.